ಹಿಂದೆ ನಿಲ್ಲುವ ಮಕ್ಕಳ ಪರವಾಗಿ
(ಹಾಕಿ ಕಲಿಸುವ ಶಿಕ್ಷಕರಿಗೆ ಒಂದು ಬಹಿರಂಗ ಪತ್ರ)

ರಾಜ್ಯದ ಶಾಲೆಗಳಲ್ಲಿ, ಕ್ರೀಡಾ ಹಾಸ್ಟೆಲ್‌ಗಳಲ್ಲಿ, ಬೇಸಿಗೆ ಶಿಬಿರಗಳಲ್ಲಿ ಮಕ್ಕಳ ಕೈಗೆ ಸ್ಟಿಕ್ ಕೊಟ್ಟು ಹಾಕಿ ಕಲಿಸುತ್ತಿರುವ ದೈಹಿಕ ಶಿಕ್ಷಕರೇ, ತರಬೇತುದಾರರೇ,



ಹೊಸ ತಂಡ ಕಟ್ಟುವ ಮೊದಲ ವಾರ ನಮ್ಮ ಮೈದಾನಗಳಲ್ಲಿ ನಡೆಯುವ ಹಂಚಿಕೆ ತಮಗೆ ಚೆನ್ನಾಗಿ ಗೊತ್ತು. ಜೋರಾಗಿ ಓಡುವವನು ಫಾರ್ವರ್ಡ್. ಚೆಂಡು ಕೈಬಿಡದವನು ಸೆಂಟರ್ ಹಾಫ್. ಮೈ ಸ್ವಲ್ಪ ದಪ್ಪಗಿರುವವನು, ಓಟದಲ್ಲಿ ಹಿಂದೆ ಬೀಳುವವನು, ತಡವಾಗಿ ಬಂದು ಸೇರಿದವನು, ಇವರೆಲ್ಲ ಹಿಂದಕ್ಕೆ. ‘ನೀನು ಬ್ಯಾಕ್‌ನಲ್ಲಿ ನಿಂತುಕೋ’ ಅನ್ನುವ ಮಾತನ್ನು ಎಷ್ಟೋ ಮಕ್ಕಳು ತಮ್ಮ ಮೇಲಿನ ತೀರ್ಪು ಎಂದೇ ಕೇಳಿಸಿಕೊಳ್ಳುತ್ತಾರೆ. ಆಮೇಲೆ ವರ್ಷವಿಡೀ ಆ ಮಗುವಿಗೆ ಸಿಗುವ ಪಾಠ ಎರಡೇ: ಚೆಂಡು ಬಂದರೆ ಜೋರಾಗಿ ಹೊಡಿ, ಯಾರನ್ನೂ ಒಳಗೆ ಬಿಡಬೇಡ.

ಈ ಹಂಚಿಕೆಯನ್ನು ದಯವಿಟ್ಟು ನಿಲ್ಲಿಸಿ ಎಂದು ಕೇಳಿಕೊಳ್ಳಲು ಈ ಪತ್ರ. ಡಿಫೆನ್ಸ್ ಎಂಬುದು ಹಾಕಿಯಲ್ಲಿ ಉಳಿದವರಿಗೆ ಕೊಡುವ ಜಾಗವಲ್ಲ, ಪ್ರತ್ಯೇಕವಾಗಿ ಕಲಿಸಬೇಕಾದ ವಿದ್ಯೆ. ತಮ್ಮಲ್ಲಿರುವ ಅತ್ಯಂತ ಚುರುಕು ಬುದ್ಧಿಯ ಮಗುವಿಗೂ ಆ ಜಾಗ ಸಲ್ಲುತ್ತದೆ. ನಾನು ಕಾಲೇಜು ತಂಡದಲ್ಲಿ ರೈಟ್ ಬ್ಯಾಕ್ ಆಡಿದವನು. ಆಟ ಬಿಟ್ಟ ಮೇಲೂ ಶಾಲಾ ಪಂದ್ಯಗಳ ಅಂಚಿನಲ್ಲಿ ನಿಲ್ಲುವುದನ್ನು ಬಿಟ್ಟಿಲ್ಲ. ಅಲ್ಲಿ ಕಂಡದ್ದನ್ನೂ ನಮ್ಮ ರಾಷ್ಟ್ರೀಯ ತಂಡ ಈಚಿನ ವರ್ಷಗಳಲ್ಲಿ ನಡೆದ ದಾರಿಯನ್ನೂ ಒಟ್ಟಿಗೆ ಇಟ್ಟು ನೋಡಿ ಎಂಬುದು ನನ್ನ ಕೋರಿಕೆ.

2023ರ ಜನವರಿಯ ವಿಶ್ವಕಪ್ ನೆನಪಿರಬೇಕು. ಭುವನೇಶ್ವರದಲ್ಲಿ, ನಮ್ಮದೇ ಜನರ ಮುಂದೆ, ನ್ಯೂಜಿಲೆಂಡ್ ವಿರುದ್ಧ 3–1ರಿಂದ ಮುಂದಿದ್ದೆವು. ಕ್ವಾರ್ಟರ್‌ಫೈನಲ್‌ಗೆ ಹೋದಂತೆಯೇ ಎಂದು ಎಲ್ಲರೂ ಅಂದುಕೊಂಡ ಹೊತ್ತಿಗೆ ಎರಡು ಗೋಲು ಬಿಟ್ಟೆವು, 3–3 ಆಯಿತು, ಶೂಟೌಟ್‌ನಲ್ಲಿ ಸೋತು ಹೊರಬಿದ್ದೆವು. ಗೋಲು ಹೊಡೆಯುವುದು ಆ ತಂಡಕ್ಕೆ ಗೊತ್ತಿತ್ತು. ಹೊಡೆದದ್ದನ್ನು ಉಳಿಸಿಕೊಳ್ಳುವುದು ಆ ದಿನ ಆಗಲಿಲ್ಲ. ಆ ಟೂರ್ನಿಯ ಬಳಿಕ ಗ್ರಹಾಂ ರೀಡ್ ಕೋಚ್ ಸ್ಥಾನ ಬಿಟ್ಟರು. ಮಾರ್ಚ್‌ನಲ್ಲಿ ದಕ್ಷಿಣ ಆಫ್ರಿಕಾದ ಕ್ರೇಗ್ ಫುಲ್ಟನ್ ಅವರ ಹೆಸರು ಪ್ರಕಟವಾಯಿತು. ಅದಕ್ಕೂ ಮೊದಲು ಐರ್ಲೆಂಡ್‌ನಂಥ ಸಣ್ಣ ಹಾಕಿ ದೇಶವನ್ನು 2016ರ ರಿಯೊ ಒಲಿಂಪಿಕ್ಸ್‌ಗೆ ಕರೆದೊಯ್ದವರು, ಆಮೇಲೆ ಟೋಕಿಯೊದಲ್ಲಿ ಚಿನ್ನ ಗೆದ್ದ ಬೆಲ್ಜಿಯಂನ ತರಬೇತಿ ಬಳಗದಲ್ಲಿದ್ದವರು ಅವರು. ಬಂದವರೇ ಹೇಳಿದ ಸೂತ್ರ ಸರಳವಾಗಿತ್ತು: ಗೆಲ್ಲಬೇಕಾದರೆ ಮೊದಲು ರಕ್ಷಿಸಿಕೊಳ್ಳಬೇಕು.

ಈ ಮಾತು ನಮ್ಮ ಅಭಿಮಾನಿಗಳಲ್ಲಿ ಅನೇಕರಿಗೆ ರುಚಿಸಲಿಲ್ಲ. ಭಾರತದ ಹಾಕಿ ಅಂದರೆ ದಾಳಿ, ಡ್ರಿಬಲ್, ಮೋಡಿ, ಅದನ್ನು ಬಿಟ್ಟು ವೃತ್ತದೊಳಗೆ ಗುಂಪುಗೂಡಿ ನಿಲ್ಲುವುದೇ ಎಂದು ಕೇಳಿದರು. ಫುಲ್ಟನ್ ಹೇಳಿದ್ದು ಗುಂಪುಗೂಡಿ ನಿಲ್ಲುವುದನ್ನಲ್ಲ. ಆ ತಂಡದ ಆಟವನ್ನು ಚೆಂಡು ಬಿಟ್ಟು ಆಟಗಾರರನ್ನೇ ನೋಡಿದರೆ ತಿಳಿಯುತ್ತದೆ. ಚೆಂಡು ಕಳೆದುಕೊಂಡ ಕ್ಷಣವೇ ಫಾರ್ವರ್ಡ್‌ಗಳು ಮೊದಲ ಡಿಫೆಂಡರ್‌ಗಳಾಗುತ್ತಾರೆ. ಎದುರಾಳಿ ಬ್ಯಾಕ್‌ಗೆ ನಡುವಿನ ದಾರಿ ಮುಚ್ಚಿ, ಪಾಸ್ ಕೊಡಲು ಪಕ್ಕದ ಗೆರೆಯ ಕಡೆಗೆ ಮಾತ್ರ ಜಾಗ ಬಿಡುತ್ತಾರೆ. ಚೆಂಡು ಅತ್ತ ಹೋಯಿತೆಂದರೆ ಆ ಗೆರೆಯೇ ಒಬ್ಬ ಡಿಫೆಂಡರ್‌ನ ಕೆಲಸ ಮಾಡುತ್ತದೆ. ಒಂದು ಕಡೆ ಗೆರೆ, ಎದುರಿಗೆ ಹಾಫ್, ಒಳಮಗ್ಗುಲಲ್ಲಿ ಮತ್ತೊಬ್ಬ. ಚೆಂಡು ಕಿತ್ತುಕೊಂಡ ಕೂಡಲೇ ನಾಲ್ಕು ಪಾಸ್‌ಗಳಲ್ಲಿ ದಾಳಿ. ನಮ್ಮ ಗದ್ದೆಯ ಬದು ಇದ್ದಂತೆ ಇದು. ಎಲ್ಲೋ ಒಂದು ಕಡೆ ಏಡಿ ತೂತು ಮಾಡಿದರೂ ಮಡಿಯ ನೀರೆಲ್ಲ ಅಲ್ಲಿಂದಲೇ ಹೋಗುತ್ತದೆ. ಹನ್ನೊಂದರಲ್ಲಿ ಒಬ್ಬ ಐದು ಹೆಜ್ಜೆ ತಡಮಾಡಿದರೂ ಉಳಿದ ಹತ್ತು ಜನರ ಶ್ರಮ ವ್ಯರ್ಥ.

ಇದರ ಪರೀಕ್ಷೆ ನಡೆದದ್ದು 2024ರ ಆಗಸ್ಟ್ 4ರಂದು, ಪ್ಯಾರಿಸ್ ಒಲಿಂಪಿಕ್ಸ್‌ನ ಕ್ವಾರ್ಟರ್‌ಫೈನಲ್‌ನಲ್ಲಿ, ಗ್ರೇಟ್ ಬ್ರಿಟನ್ ವಿರುದ್ಧ. ಆಟದ 17ನೇ ನಿಮಿಷದಲ್ಲಿ ಅಮಿತ್ ರೋಹಿದಾಸ್ ಅವರಿಗೆ ಕೆಂಪು ಕಾರ್ಡ್. ನಮ್ಮ ಅತ್ಯಂತ ಅನುಭವಿ ಡಿಫೆಂಡರ್‌ಗಳಲ್ಲಿ ಒಬ್ಬರು, ಪೆನಾಲ್ಟಿ ಕಾರ್ನರ್‌ನಲ್ಲಿ ಮೊದಲು ನುಗ್ಗಿ ಎದೆಯೊಡ್ಡುವವರು, ಅವರೇ ಹೊರಗೆ. ಉಳಿದ 40ಕ್ಕೂ ಹೆಚ್ಚು ನಿಮಿಷ ಹತ್ತೇ ಜನ ಆಡಬೇಕು. 22ನೇ ನಿಮಿಷದಲ್ಲಿ ಹರ್ಮನ್‌ಪ್ರೀತ್ ಸಿಂಗ್ ಗೋಲು ಹೊಡೆದರು, 27ರಲ್ಲಿ ಬ್ರಿಟನ್ ಸಮ ಮಾಡಿತು. ವಿರಾಮದ ನಂತರದ ಅರ್ಧ ಗಂಟೆ ಚೆಂಡು ಹೆಚ್ಚುಕಡಿಮೆ ನಮ್ಮ ಅಂಗಳದಲ್ಲೇ ಇತ್ತು. ಮನ್‌ಪ್ರೀತ್ ಸಿಂಗ್‌ರಂಥ ಮಿಡ್‌ಫೀಲ್ಡರ್ ಹಿಂದಕ್ಕೆ ಬಂದು ಡಿಫೆಂಡರ್ ಆದರು. ಗೋಲು ಕಾಯಲು ಹಿಂದೆ ಪಿ.ಆರ್. ಶ್ರೀಜೇಶ್ ಇದ್ದರು. ಆ ಅರ್ಧ ಗಂಟೆಯಲ್ಲಿ ನಾವು ಒಂದೂ ಗೋಲು ಬಿಡಲಿಲ್ಲ. 1–1ರಲ್ಲಿ ಆಟ ಮುಗಿದು, ಶೂಟೌಟ್‌ನಲ್ಲಿ 4–2ರಿಂದ ಗೆದ್ದೆವು.

ಮಾರನೆಯ ದಿನ ಎಲ್ಲ ಕಡೆ ಶ್ರೀಜೇಶ್ ಅವರ ಚಿತ್ರವಿತ್ತು. ಇರಬೇಕಾದ್ದೇ. ಆದರೆ ಆ ಪಂದ್ಯದ ರೆಕಾರ್ಡಿಂಗ್ ಸಿಕ್ಕರೆ ಮೂರನೇ ಮತ್ತು ನಾಲ್ಕನೇ ಕ್ವಾರ್ಟರ್‌ಗಳನ್ನು ತಮ್ಮ ಮಕ್ಕಳಿಗೆ ಒಮ್ಮೆ ತೋರಿಸಿ. ಎಷ್ಟು ಚೆಂಡುಗಳು ಕೀಪರ್ ತನಕ ಬರಲೇ ಇಲ್ಲ ಎಂಬುದನ್ನು ಅವರಿಂದಲೇ ಎಣಿಸಿ. ಯಾರೂ ಧುಮುಕಿ ಟ್ಯಾಕಲ್ ಮಾಡುತ್ತಿಲ್ಲ, ನೋಡಿ. ಎದುರಾಳಿ ಮೈಮೇಲೆ ಬಂದಾಗ ಡಿಫೆಂಡರ್ ಹಿಂದೆ ಸರಿಯುತ್ತಾನೆ, ಸ್ಟಿಕ್ ನೆಲಕ್ಕೆ ತಾಗಿಸಿಕೊಂಡೇ ಸರಿಯುತ್ತಾನೆ, ಕಾಲು ಮಾತ್ರ ಚೆಂಡಿನ ದಾರಿಗೆ ಬಾರದಂತೆ ನೋಡಿಕೊಳ್ಳುತ್ತಾನೆ. ಈಗಿನ ಫಾರ್ವರ್ಡ್‌ಗಳು ವೃತ್ತದೊಳಗೆ ಬಂದಾಗ ಹುಡುಕುವುದು ಗೋಲನ್ನಷ್ಟೇ ಅಲ್ಲ, ಡಿಫೆಂಡರ್‌ನ ಕಾಲನ್ನು. ಕಾಲಿಗೆ ತಾಗಿಸಿದರೆ ಪೆನಾಲ್ಟಿ ಕಾರ್ನರ್ ಸಿಗುತ್ತದೆ. ಹಾಗಾಗಿ ದೇಹವನ್ನು ದೂರವಿಟ್ಟು, ಕೋಲನ್ನು ಹತ್ತಿರವಿಟ್ಟು, ಸಮಯ ಕಾದು ಚೆಂಡನ್ನು ಕೆದಕಬೇಕು. ಜೋರಾಗಿ ಹೊಡೆಯುವವನಿಗೆ ಇದು ಸಾಧ್ಯವಿಲ್ಲ. ಓದಲು ಬಲ್ಲವನಿಗೆ, ಎದುರಾಳಿಯ ಭುಜ ತಿರುಗುವ ಮೊದಲೇ ಪಾಸ್ ಎತ್ತ ಹೋಗುತ್ತದೆ ಎಂದು ಊಹಿಸುವವನಿಗೆ ಮಾತ್ರ ಸಾಧ್ಯ.

ಆ ತಂಡದ ಡಿಫೆಂಡರ್‌ಗಳಲ್ಲಿ ಎಲ್ಲರಿಗಿಂತ ಕಿರಿಯ ಸಂಜಯ್. ಮೊದಲ ಒಲಿಂಪಿಕ್ಸ್, ವಯಸ್ಸು 23. ಹರಿಯಾಣದ ಹಿಸಾರ್ ಜಿಲ್ಲೆಯ ದಾಬ್ರಾ ಎಂಬ ಹಳ್ಳಿಯವರು, ಚಂಡೀಗಢದ ಅಕಾಡೆಮಿಯಲ್ಲಿ ಪಳಗಿದವರು. ಇವರ ಬಗ್ಗೆ ತಮಗೆ ಹೇಳಲೇಬೇಕು ಅನ್ನಿಸುವುದಕ್ಕೆ ಒಂದು ನಿರ್ದಿಷ್ಟ ಕಾರಣವಿದೆ. 2021ರ ನವೆಂಬರ್‌ನಲ್ಲಿ ಭುವನೇಶ್ವರದ ಕಳಿಂಗ ಕ್ರೀಡಾಂಗಣದಲ್ಲಿ ಜೂನಿಯರ್ ವಿಶ್ವಕಪ್ ನಡೆಯಿತು. ಸಂಜಯ್ ಆ ತಂಡದ ಉಪನಾಯಕ. ಮೊದಲ ಪಂದ್ಯದಲ್ಲಿ ಫ್ರಾನ್ಸ್ ವಿರುದ್ಧ ಅವರೊಬ್ಬರೇ ಮೂರು ಗೋಲು ಹೊಡೆದರು. ಡಿಫೆಂಡರ್ ಒಬ್ಬ ಹ್ಯಾಟ್ರಿಕ್ ಗಳಿಸಿದ ದಿನ ಅದು. ಆದರೂ ಭಾರತ ಆ ಪಂದ್ಯವನ್ನು 4–5ರಿಂದ ಸೋತಿತು. ಮರುದಿನ ಕೆನಡಾ ವಿರುದ್ಧ ಮತ್ತೆ ಹ್ಯಾಟ್ರಿಕ್ ಬಂತು, ತಂಡ ಗೆದ್ದಿತು, ಕೊನೆಗೆ ನಾಲ್ಕನೇ ಸ್ಥಾನಕ್ಕೆ ನಿಂತಿತು.

ಇಪ್ಪತ್ತರ ಹುಡುಗನಿಗೆ ಅಲ್ಲಿಂದ ಮುಂದೆ ಎರಡು ದಾರಿಗಳಿದ್ದವು. ಡ್ರ್ಯಾಗ್‌ಫ್ಲಿಕ್ ಹೊಡೆಯುವವನು ಎಂಬ ಹೆಸರಿನಲ್ಲೇ ಬದುಕಬಹುದಿತ್ತು. ಆದರೆ ಹಿರಿಯರ ತಂಡಕ್ಕೆ ಬಂದಾಗ ಅಲ್ಲಿ ಆ ಕೆಲಸಕ್ಕೆ ಹರ್ಮನ್‌ಪ್ರೀತ್ ಆಗಲೇ ಇದ್ದರು. ಸಂಜಯ್ ಅಲ್ಲಿ ಜಾಗ ಹಿಡಿದದ್ದು ರಕ್ಷಣೆಯಿಂದ. ತಮಗೆ ಗೋಲು ಹೊಡೆಯುವ ಅವಕಾಶ ಅಪರೂಪವಾಗಿ ಸಿಗುವ ತಂಡದಲ್ಲಿ, ಗೋಲು ತಡೆಯುವ ಕೆಲಸವನ್ನು ಚೆನ್ನಾಗಿ ಮಾಡಿ ಹಾಂಗ್‌ಝೌ ಏಷ್ಯನ್ ಗೇಮ್ಸ್ ಚಿನ್ನ ಗೆದ್ದ ತಂಡದಲ್ಲಿದ್ದರು, ಪ್ಯಾರಿಸ್‌ನಲ್ಲಿ ಕಂಚು ಗೆದ್ದರು, 2024ನೇ ಸಾಲಿನ ಅರ್ಜುನ ಪ್ರಶಸ್ತಿ ಪಡೆದರು. ಪ್ಯಾರಿಸ್ ಸೆಮಿಫೈನಲ್‌ನಲ್ಲಿ ರೋಹಿದಾಸ್ ಅವರಿಗೆ ಒಂದು ಪಂದ್ಯದ ನಿಷೇಧವಿತ್ತು. ಜರ್ಮನಿಯ ಎದುರು ಹಿಂದಿನ ಸಾಲಿನ ಭಾರ ಹರ್ಮನ್‌ಪ್ರೀತ್, ಜರ್ಮನ್‌ಪ್ರೀತ್, ಸುಮಿತ್, ಸಂಜಯ್ ಮೇಲೆ ಬಿತ್ತು. 54ನೇ ನಿಮಿಷದ ಗೋಲಿನಿಂದ 2–3ರಲ್ಲಿ ಸೋತರು. ಎರಡೇ ದಿನದಲ್ಲಿ, ಆಗಸ್ಟ್ 8ರಂದು, ಸ್ಪೇನ್ ವಿರುದ್ಧ 2–1ರ ಮುನ್ನಡೆಯನ್ನು ಕೊನೆಯ ನಿಮಿಷಗಳಲ್ಲಿ ಕಾಯ್ದುಕೊಂಡು ಪದಕ ತಂದರು. ಹದಿನೆಂಟು ತಿಂಗಳ ಹಿಂದೆ 3–1ರ ಮುನ್ನಡೆಯನ್ನು ಬಿಟ್ಟುಕೊಟ್ಟ ದೇಶ ಇದೇ.

ಈಗ ನಮ್ಮ ಊರಿಗೆ ಬರುತ್ತೇನೆ. ಟೋಕಿಯೊ ಮತ್ತು ಪ್ಯಾರಿಸ್, ಎರಡೂ ಕಡೆ ಪದಕ ಗೆದ್ದ ಪುರುಷರ ತಂಡದಲ್ಲಿ ಕರ್ನಾಟಕದ ಒಬ್ಬ ಆಟಗಾರನೂ ಇರಲಿಲ್ಲ. ಆ ತಂಡ ತಿಂಗಳುಗಟ್ಟಲೆ ಅಭ್ಯಾಸ ಮಾಡಿದ್ದು ಬೆಂಗಳೂರಿನ ಭಾರತೀಯ ಕ್ರೀಡಾ ಪ್ರಾಧಿಕಾರದ (ಸಾಯ್) ಕೇಂದ್ರದಲ್ಲಿ, ನಮ್ಮ ಮನೆಬಾಗಿಲಲ್ಲಿ. ಇದನ್ನು ಯಾರ ಮೇಲೂ ದೂರಾಗಿ ಬರೆಯುತ್ತಿಲ್ಲ, ಕಾರಣಗಳು ಹಲವು. ಆದರೆ ರಕ್ಷಣೆಯ ಪರಂಪರೆ ನಮ್ಮಲ್ಲಿ ಇಲ್ಲ ಎಂದು ಯಾರಾದರೂ ಅಂದರೆ ಒಪ್ಪಲಾರೆ. ವಿ.ಆರ್. ರಘುನಾಥ್ ಕೊಡಗಿನವರು, ಲಂಡನ್ ಮತ್ತು ರಿಯೊ ಒಲಿಂಪಿಕ್ಸ್‌ಗಳಲ್ಲಿ ಭಾರತದ ಫುಲ್‌ಬ್ಯಾಕ್, 2014ರ ಇಂಚಾನ್ ಏಷ್ಯನ್ ಗೇಮ್ಸ್ ಚಿನ್ನ ಗೆದ್ದ ತಂಡದ ಡಿಫೆಂಡರ್. 1980ರ ಮಾಸ್ಕೊ ಒಲಿಂಪಿಕ್ಸ್ ಚಿನ್ನದ ತಂಡದಲ್ಲಿದ್ದು 1988ರ ಸೋಲ್‌ನಲ್ಲಿ ನಾಯಕರಾಗಿದ್ದ ಎಂ.ಎಂ. ಸೋಮಯ್ಯ ಹಾಫ್‌ಬ್ಯಾಕ್. ಗೋಲು ಕಾಯ್ದ ಎ.ಬಿ. ಸುಬ್ಬಯ್ಯ, 1998ರ ಬ್ಯಾಂಕಾಕ್ ಏಷ್ಯನ್ ಗೇಮ್ಸ್ ಫೈನಲ್‌ನಲ್ಲಿ ಕೊರಿಯಾದ ಪೆನಾಲ್ಟಿಗಳನ್ನು ತಡೆದ ಆಶಿಶ್ ಬಲ್ಲಾಳ್, ಇವರೂ ನಮ್ಮವರೇ. ತಮ್ಮ ಮಕ್ಕಳಿಗೆ ಈ ಹೆಸರುಗಳು ಗೊತ್ತೇ ಎಂದು ಒಮ್ಮೆ ಕೇಳಿ ನೋಡಿ.

ಒಡಿಶಾದ ಸುಂದರ್‌ಗಢ ಜಿಲ್ಲೆಯಲ್ಲಿ ಸೌನಾಮಾರಾ ಎಂಬ ಹಳ್ಳಿಯಿದೆ. ಭಾರತದ ಪರ 400ಕ್ಕೂ ಹೆಚ್ಚು ಪಂದ್ಯ ಆಡಿದ ದಿಲೀಪ್ ತಿರ್ಕಿ ಆ ಊರಿನವರು. ಅಮಿತ್ ರೋಹಿದಾಸ್ ಅವರದೂ ಅದೇ ಊರು. ಊರಿನ ದೊಡ್ಡ ಹೆಸರೇ ಒಬ್ಬ ಫುಲ್‌ಬ್ಯಾಕ್‌ನದಾಗಿದ್ದರೆ, ಅಲ್ಲಿಯ ಹುಡುಗನನ್ನು ‘ಹಿಂದೆ ನಿಲ್ಲು’ ಎಂದಾಗ ಅವನು ಮುಖ ಸಣ್ಣದು ಮಾಡಿಕೊಳ್ಳುವುದಿಲ್ಲ. ನಮ್ಮಲ್ಲೂ ಆ ಭಾವ ಬೆಳೆಯಲು ಬೇಕಾದ ನೆಲವಿದೆ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕೊಡಗಿನ ಕರಡದಲ್ಲಿ ಶುರು ಮಾಡಿದ ಕೌಟುಂಬಿಕ ಹಾಕಿಯಲ್ಲಿ 2024ರಲ್ಲಿ 360 ತಂಡಗಳು ಆಡಿದವು. ಅಜ್ಜ, ಮಗ, ಮೊಮ್ಮಗಳು ಒಂದೇ ತಂಡದಲ್ಲಿ ಆಡುವ ಇಂಥ ಹಬ್ಬ ಬೇರೆಲ್ಲೂ ಕಾಣಸಿಗದು. ಇಷ್ಟು ಮನೆಗಳಲ್ಲಿ ಸ್ಟಿಕ್ ಇರುವ ಜಿಲ್ಲೆಯಿಂದ ಇನ್ನೊಬ್ಬ ರಘುನಾಥ್ ಬರಲಾರನೇ?

ನಾನು ಕಂಡದ್ದೊಂದನ್ನು ಹೇಳುತ್ತೇನೆ, ಶಾಲೆಯ ಹೆಸರು ಬೇಡ. ಪ್ರೌಢಶಾಲೆಗಳ ಪಂದ್ಯ, ಮಣ್ಣಿನ ಮೈದಾನ. ಎದುರಾಳಿಗೆ ಪೆನಾಲ್ಟಿ ಕಾರ್ನರ್ ಸಿಕ್ಕಿತು. ಎಂಟನೇ ತರಗತಿಯ ಸಣ್ಣ ಹುಡುಗನೊಬ್ಬನನ್ನು ‘ನೀನು ಓಡು’ ಎಂದು ಮುಂದಕ್ಕೆ ಕಳಿಸಿದರು. ಮುಖಕ್ಕೆ ಮಾಸ್ಕ್ ಇಲ್ಲ, ಕೈಗೆ ಗ್ಲೌಸ್ ಇಲ್ಲ, ಮಂಡಿಗೆ ಗಾರ್ಡ್ ಇಲ್ಲ. ಎಲ್ಲಿಂದ ಎಲ್ಲಿಗೆ ಓಡಬೇಕೆಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ನೇರ ಚೆಂಡಿನ ಮೇಲೆಯೇ ಹೋದ. ಉಬ್ಬುತಗ್ಗಿನ ನೆಲದಲ್ಲಿ ಚೆಂಡು ಪುಟಿದು ದವಡೆಗೆ ಬಡಿಯಿತು. ಬಾಯಿ ತುಂಬ ರಕ್ತ, ಎರಡು ಹಲ್ಲು ಹೋದವು. ಹುಡುಗ ಅಳಲಿಲ್ಲ. ‘ಗೋಲ್ ಆಯ್ತಾ ಸರ್?’ ಎಂದು ಕೇಳಿದ. ಗೋಲು ಆಗಿರಲಿಲ್ಲ. ಸಂಜೆ ಬಹುಮಾನ ವಿತರಣೆಯಲ್ಲಿ ಅವನ ತಂಡಕ್ಕೇ ಕಪ್ ಬಂತು, ಗೋಲು ಹೊಡೆದವನಿಗೆ ಪ್ರತ್ಯೇಕ ಪದಕವೂ ಬಂತು. ಹಲ್ಲು ಕಳೆದುಕೊಂಡವನು ಆಸ್ಪತ್ರೆಯಲ್ಲಿದ್ದ, ಅವನ ಹೆಸರನ್ನು ಮೈಕಿನಲ್ಲಿ ಯಾರೂ ಹೇಳಲಿಲ್ಲ. ಮುಂದಿನ ವರ್ಷ ಅವನು ತಂಡದಲ್ಲಿರಲಿಲ್ಲ. ಮನೆಯವರು ಬೇಡ ಅಂದರಂತೆ. ಅವರನ್ನು ತಪ್ಪು ಎನ್ನುವ ಧೈರ್ಯ ನನಗಿಲ್ಲ.

ಪೆನಾಲ್ಟಿ ಕಾರ್ನರ್ ತಡೆಯುವುದು ಹಾಕಿಯ ಅತಿ ಕಠಿಣ ಕೆಲಸ ಎಂದು ತಮಗೆ ನಾನು ಹೇಳಬೇಕಾಗಿಲ್ಲ. ಕೀಪರ್ ಸೇರಿ ಐದೇ ಜನ ಗೋಲು ಗೆರೆಯ ಹಿಂದೆ, ಉಳಿದ ಆರು ಮಂದಿ ಮಧ್ಯರೇಖೆಯಾಚೆ. ಚೆಂಡು ಒಳಗೆ ಬರುವ ಮೊದಲೇ ಒಬ್ಬ ಕಾಲು ಎತ್ತಿದರೆ ಅವನೂ ಮಧ್ಯರೇಖೆಗೆ ಹೋಗಬೇಕು, ಬದಲಿಗೆ ಮತ್ತೊಬ್ಬ ಬರುವಂತಿಲ್ಲ. ದೊಡ್ಡವರ ಆಟದಲ್ಲಿ ಡ್ರ್ಯಾಗ್‌ಫ್ಲಿಕ್ ಚೆಂಡು ಗಂಟೆಗೆ 100 ಕಿಲೋಮೀಟರಿಗೂ ಹೆಚ್ಚಿನ ವೇಗದಲ್ಲಿ ಬರುತ್ತದೆ. ರೋಹಿದಾಸ್ ಅದಕ್ಕೆ ಎದುರಾಗಿ ಓಡುವುದು ಧೈರ್ಯವೊಂದನ್ನೇ ನಂಬಿ ಅಲ್ಲ. ಫ್ಲಿಕ್ ಮಾಡುವವನ ಯಾವ ಮಗ್ಗುಲಿಗೆ ಓಡಬೇಕು, ಸ್ಟಿಕ್ ಯಾವ ಎತ್ತರದಲ್ಲಿರಬೇಕು, ತಾನು ಮುಚ್ಚುವ ಕೋನ ಯಾವುದು, ಕೀಪರ್‌ಗೆ ಬಿಡುವ ಕೋನ ಯಾವುದು, ಎರಡನೇ ಓಟಗಾರ ಮರುಪುಟಿತಕ್ಕೆ ಎಲ್ಲಿ ನಿಲ್ಲಬೇಕು, ಎಲ್ಲ ಮೊದಲೇ ಗೊತ್ತುಮಾಡಿಕೊಂಡ ವಿಷಯ. ಮೈಗೆ ರಕ್ಷಾಕವಚ, ತಲೆಯೊಳಗೆ ನಕ್ಷೆ, ಇವೆರಡೂ ಇಲ್ಲದ ಮಗುವನ್ನು ಅಲ್ಲಿಗೆ ಕಳಿಸುವುದು ಅನ್ಯಾಯ.

ಆದ್ದರಿಂದ ಕೈಮುಗಿದು ಕೇಳುತ್ತೇನೆ. ಮಾಸ್ಕ್, ಗ್ಲೌಸ್, ಮಂಡಿ ಗಾರ್ಡ್ ಇಲ್ಲದೆ ಯಾವ ಮಗುವನ್ನೂ ಕಾರ್ನರ್‌ಗೆ ಓಡಿಸಬೇಡಿ, ಅಭ್ಯಾಸದಲ್ಲೂ ಬೇಡ. ನಾಲ್ಕು ಜೊತೆ ಕೊಳ್ಳಲು ಶಾಲೆಯಲ್ಲಿ ದುಡ್ಡಿಲ್ಲ ಎಂದರೆ ಮೊದಲು ಹಳೆಯ ವಿದ್ಯಾರ್ಥಿಗಳನ್ನು ಕೇಳಿ, ಪ್ರಾಯೋಜಕರನ್ನು ಕೇಳಿ. ಬಣ್ಣದ ಜೆರ್ಸಿಗಿಂತ ಇದು ಮುಂಚೆ ಬರಬೇಕು. ಮಣ್ಣಿನ ಮೈದಾನದ ಶಾಲಾ ಪಂದ್ಯಗಳಲ್ಲಿ, ಎರಡೂ ತಂಡಗಳ ಬಳಿ ಮಾಸ್ಕ್ ಇಲ್ಲದಿದ್ದರೆ, ಚೆಂಡನ್ನು ಎತ್ತಿ ಹೊಡೆಯುವಂತಿಲ್ಲ ಎಂದು ಆಯೋಜಕರಾಗಿ ತಾವೇ ಆಟಕ್ಕೆ ಮುಂಚೆ ಒಪ್ಪಂದ ಮಾಡಿಕೊಳ್ಳಬಹುದು.

ಹನ್ನೆರಡು-ಹದಿಮೂರು ವಯಸ್ಸಿನ ತನಕ ಯಾರಿಗೂ ಖಾಯಂ ಜಾಗ ಕೊಡಬೇಡಿ. ಎಲ್ಲರೂ ಸ್ವಲ್ಪ ದಿನ ಹಿಂದೆ ಆಡಲಿ, ಎಲ್ಲರೂ ಸ್ವಲ್ಪ ದಿನ ಮುಂದೆ ಆಡಲಿ. ತಮ್ಮ ಅತ್ಯುತ್ತಮ ಫಾರ್ವರ್ಡ್‌ನನ್ನು ತಿಂಗಳಿಗೊಮ್ಮೆಯಾದರೂ ಸ್ಟಾಪರ್ ಮಾಡಿ ನೋಡಿ, ಅವನ ಮುಂದಿನ ಆಟ ಖಂಡಿತ ಸುಧಾರಿಸುತ್ತದೆ. ಅಭ್ಯಾಸದ ಸಮಯದಲ್ಲಿ ಮೂರನೇ ಒಂದು ಭಾಗವನ್ನಾದರೂ ಚೆಂಡು ಇಲ್ಲದಾಗ ಎಲ್ಲಿ ನಿಲ್ಲಬೇಕು ಎಂಬುದಕ್ಕೆ ಮೀಸಲಿಡಿ. ಒಬ್ಬನ ಎದುರು ಇಬ್ಬರು, ಇಬ್ಬರ ಎದುರು ಮೂವರು, ಸಣ್ಣ ಚೌಕದೊಳಗೆ ಆಡಿಸಿ. ಡಿಫೆಂಡರ್ ಗೆದ್ದಾಗ ಅಂಕ ಕೊಡಿ. ಹುಡುಗಿಯರ ತಂಡಗಳಿಗೆ ಇದು ಇನ್ನೂ ಹೆಚ್ಚು ಬೇಕು, ಏಕೆಂದರೆ ಅವರಿಗೆ ಅಭ್ಯಾಸಕ್ಕೆ ಮೈದಾನ ಸಿಗುವ ಹೊತ್ತೇ ಕಡಿಮೆ. ಸಿಕ್ಕ ಅಷ್ಟು ಹೊತ್ತೂ ಗೋಲು ಹೊಡೆಯುವುದರಲ್ಲೇ ಕಳೆದುಹೋಗುತ್ತದೆ.

ಗೋಲು ಬಿಟ್ಟ ಮಗುವನ್ನು ಎಲ್ಲರೆದುರು ಬೈಯಬೇಡಿ. ಫಾರ್ವರ್ಡ್ ಐದು ಅವಕಾಶ ಕಳೆದು ಆರನೆಯದನ್ನು ಗೋಲು ಮಾಡಿದರೆ ಹೆಗಲ ಮೇಲೆ ಹೊತ್ತು ಕುಣಿಯುತ್ತೇವೆ. ಡಿಫೆಂಡರ್ ಐದು ತಡೆದು ಆರನೆಯದನ್ನು ಬಿಟ್ಟರೆ ಆ ಆರನೆಯದನ್ನೇ ವರ್ಷವಿಡೀ ನೆನಪಿಸುತ್ತೇವೆ. ಆ ದಿನ ಮೈದಾನದಲ್ಲಿ ಅವನಿಗೆ ಒಂದು ಲೋಟ ನೀರು ಕೊಟ್ಟು, ಮಾರನೆಯ ದಿನ ಬೆಳಿಗ್ಗೆ ಕೂರಿಸಿಕೊಂಡು, ಚೆಂಡು ಎಲ್ಲಿಂದ ಹೊರಟಿತು ಎಂಬುದನ್ನು ಹಿಂದಕ್ಕೆ ಹಿಂದಕ್ಕೆ ಹುಡುಕಿ. ಬಹಳ ಸಲ ತಪ್ಪು ಶುರುವಾದದ್ದು ಮುಂದಿನ ಸಾಲಿನಲ್ಲಿ ಎಂದು ತಮಗೇ ಕಾಣುತ್ತದೆ. ಅದನ್ನು ತಂಡದ ಎಲ್ಲರಿಗೂ ತೋರಿಸಿ.

ಟೂರ್ನಿ ನಡೆಸುವವರು ತಾವೇ ಆದಾಗ ಅತ್ಯುತ್ತಮ ಡಿಫೆಂಡರ್‌ಗೆ ಒಂದು ಬಹುಮಾನ ಇಡಿ, ಹೆಚ್ಚು ಗೋಲು ಹೊಡೆದವನಿಗೆ ಕೊಡುವಷ್ಟೇ ಮೊತ್ತದ್ದು. ವೀಕ್ಷಕ ವಿವರಣೆ ಹೇಳುವವರಿಗೆ ಹಿಂದಿನ ಸಾಲಿನ ಮಕ್ಕಳ ಹೆಸರುಗಳ ಚೀಟಿ ಮೊದಲೇ ಕೊಡಿ. ಪತ್ರಿಕೆಗೆ ವರದಿ ಕಳಿಸುವಾಗ ಗೋಲು ಹೊಡೆದವರ ಹೆಸರಿನ ಕೆಳಗೆ ಇನ್ನೊಂದು ಸಾಲು ಬರೆಯಿರಿ.

ತಮ್ಮಲ್ಲಿ ಅನೇಕರು ಒಬ್ಬರೇ ನಾಲ್ಕು ಆಟ ಕಲಿಸಬೇಕು, ಜೊತೆಗೆ ತರಗತಿ, ಬಿಸಿಯೂಟದ ಲೆಕ್ಕ, ಚುನಾವಣೆ ಕೆಲಸ. ಎಷ್ಟೋ ಕಡೆ ಚೆಂಡುಗಳನ್ನು ತಮ್ಮ ಸಂಬಳದಿಂದಲೇ ತರುತ್ತೀರಿ. ಇದೆಲ್ಲ ತಿಳಿದೂ ಮತ್ತೊಂದು ಹೊರೆ ಹೊರಿಸುತ್ತಿದ್ದೇನೆ, ಏಕೆಂದರೆ ಈ ಕೆಲಸ ತಮ್ಮಿಂದ ಮಾತ್ರ ಆಗುವಂಥದು. ಬೆಂಗಳೂರಿನ ರಾಷ್ಟ್ರೀಯ ಶಿಬಿರಕ್ಕೆ ಬರುವ ಹೊತ್ತಿಗೆ ಆಟಗಾರನ ಕಾಲು, ಕಣ್ಣು, ಅಭ್ಯಾಸಗಳೆಲ್ಲ ಗಟ್ಟಿಯಾಗಿರುತ್ತವೆ. ಅದಕ್ಕೂ ಹತ್ತು ವರ್ಷ ಮೊದಲು ಮಗು ಇರುವುದು ತಮ್ಮ ಕೈಯಲ್ಲಿ.

ನನ್ನಂತೆ ಹಿಂದೆ ಆಡಿ ನಿವೃತ್ತರಾದವರು ಪ್ರತಿ ತಾಲ್ಲೂಕಿನಲ್ಲೂ ಇದ್ದಾರೆ. ಅವರನ್ನು ಕರೆಯಿರಿ, ಸಂಭಾವನೆ ಕೇಳುವುದಿಲ್ಲ. ದಕ್ಷಿಣ ಕೊಡಗಿನ ಯಾವ ಶಾಲೆಯವರು ಕರೆದರೂ ಭಾನುವಾರ ಬೆಳಿಗ್ಗೆ ಬರಲು ನಾನು ಸಿದ್ಧ. ಮಕ್ಕಳ ಅಳತೆಯ ಮಾಸ್ಕ್‌ಗಳನ್ನು ಜೊತೆಗೆ ತರುತ್ತೇನೆ. ಮೊದಲ ಅರ್ಧ ಗಂಟೆ ಚೆಂಡು ಮುಟ್ಟಿಸುವುದಿಲ್ಲ, ಎಲ್ಲಿ ನಿಲ್ಲಬೇಕೆಂದು ಮಾತ್ರ ಹೇಳಿಕೊಡುತ್ತೇನೆ. ಅದಕ್ಕೆ ತಮ್ಮ ಒಪ್ಪಿಗೆ ಇರಲಿ.

ಇಂತಿ ತಮ್ಮ ವಿಶ್ವಾಸಿ,
ಹಳೆಯ ರೈಟ್ ಬ್ಯಾಕ್ ಒಬ್ಬ
ದಕ್ಷಿಣ ಕೊಡಗು